ಇನ್ನೂರ ಹನ್ನೆರಡನೆಯ ಪುಸ್ತಕ ತೆಗೆದುಕೊಂಡವರು

ಸ್ತಾಮೆನಾ ಯಾರನ್ನೂ ನಂಬುತ್ತಿರಲಿಲ್ಲ. ನಾನು ಚಾಡಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಅವಳೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮಾತಿದು. ನಮ್ಮ ವರ್ಬಿಲಾದ ಓದುಮನೆಯಲ್ಲಿ ಮೂವತ್ತೆಂಟು ವರ್ಷ ಪುಸ್ತಕ ಕೊಟ್ಟು, ಪುಸ್ತಕ ಇಸಿದುಕೊಂಡು ಕೂದಲು ಹಣ್ಣಾದ ಹೆಂಗಸು. ವಾಪಸು ಬಂದ ಪ್ರತಿ ಪುಸ್ತಕವನ್ನೂ ಕಿಟಕಿಯ ಬೆಳಕಿಗೆ ಹಿಡಿದು ಹಾಳೆ ಮಗುಚುವಳು, ಆಮೇಲೆ ಮೂಗಿನ ಹತ್ತಿರ ತಂದು ಮೂಸುವಳು. ಯಾರು ಈರುಳ್ಳಿ ಹೆಚ್ಚುತ್ತಾ ಓದಿದರು, ಯಾರ ಗಂಡ ಮತ್ತೆ ಸಿಗರೇಟು ಶುರುಮಾಡಿದ ಎಂಬುದೆಲ್ಲ ಅವಳಿಗೆ ಗೊತ್ತಾಗುತ್ತಿದ್ದದ್ದೇ ಹಾಗೆ. ಓದುಗರ ಪೆನ್ಸಿಲ್ಲನ್ನು ದಾರ ಹಾಕಿ ಮೇಜಿಗೆ ಕಟ್ಟಿದ್ದಳು. ಗಾಜಿನ ಪೆಟ್ಟಿಗೆಯ ಬೀಗದ ಕೈ ಸದಾ ಅವಳ ಕೊರಳಲ್ಲಿ, ಶಿಲುಬೆಯ ಜೊತೆಗೇ ನೇತಾಡುತ್ತಿತ್ತು.

ನನ್ನ ಹೆಸರು ನೈಡೆನ್. ಈ ಊರಿನ ಅಂಚೆಯವನಾಗಿದ್ದು ನಿವೃತ್ತನಾದವನು. ನನಗಿಂತ ಮುಂಚೆ ಆ ಚೀಲ ಹೊತ್ತವನು ನನ್ನ ಅಪ್ಪ. ಬೆಳಿಗ್ಗೆ ಎಂಟರಿಂದ ಊಟದ ಹೊತ್ತಿನವರೆಗೆ ಓದುಮನೆಯ ಒಲೆಯ ಪಕ್ಕದ ಕುರ್ಚಿ ನನ್ನದು, ಬೇಸಿಗೆಯಲ್ಲಿ ಒಲೆ ತಣ್ಣಗಿದ್ದರೂ ನನ್ನದೇ. ನಲವತ್ತು ವರ್ಷದ ಪರಿಚಯವಾದರೂ ದಿನಪತ್ರಿಕೆ ಕೈಗೆ ಕೊಡುವಾಗ ಸ್ತಾಮೆನಾ ಅದರ ಹಾಳೆ ಎಣಿಸಿಯೇ ಕೊಡುತ್ತಿದ್ದಳು. ಪದಬಂಧದ ಹಾಳೆಯನ್ನು ಒಮ್ಮೆ ನಾನು ಹರಿದುಕೊಂಡು ಹೋಗಿದ್ದೆ, ನಿಜ. ಆದರೆ ಅದು ಯಾವ ಕಾಲದ ಮಾತು.

ಅಜ್ಜ, ಮುತ್ತಜ್ಜರನ್ನು ಹುಡುಕಿಕೊಂಡು ಬರುವವರನ್ನು ಕಂಡರೆ ಅವಳಿಗೆ ಇನ್ನೂ ಅನುಮಾನ. ಅಂಥವರಲ್ಲಿ ಮೂರು ಜಾತಿ ಎನ್ನುತ್ತಿದ್ದಳು. ಅಜ್ಜನ ಹೆಸರು ಹೇಳಿಕೊಂಡು ಹೊಲ ಹುಡುಕುವವರು ಒಂದು. ಗೋಡೆಗೆ ತೂಗುಹಾಕಲು ಒಬ್ಬ ಶೂರ ಬೇಕು ಅಂತ ಬರುವವರು ಇನ್ನೊಂದು. ಮೂರನೆಯವರು ಇನ್ನೊಬ್ಬರ ಅಜ್ಜನ ಗೋರಿ ಅಗೆಯುವವರು. ಮೊದಲ ಎರಡು ಜಾತಿಯವರಿಗೆ ಅವಳು ಕುರ್ಚಿಯನ್ನಾದರೂ ತೋರಿಸುತ್ತಿದ್ದಳು.

ಅವಳ ಈ ಅಂಜಿಕೆಗೆ ಕಾರಣ ಆ ಗಾಜಿನ ಪೆಟ್ಟಿಗೆಯೊಳಗೇ ಇತ್ತು. ಅದರಲ್ಲಿದ್ದದ್ದು ಜೇನು ಸಾಕಣೆಯ ಒಂದು ಹಳೆಯ ಪುಸ್ತಕ, ಬೆನ್ನಿನ ಮೇಲೆ ನಮ್ಮ ಓದುಮನೆಯ ಸಂಖ್ಯೆ ಇನ್ನೂರ ಹನ್ನೆರಡು, ರಟ್ಟಿನ ಮೇಲೆ ಅಂಗೈಯಗಲದ ಕಂದು ಕಲೆ. ಸಾವಿರದ ಒಂಬೈನೂರ ಹದಿನೆಂಟರ ಸೆಪ್ಟೆಂಬರಿನಲ್ಲಿ, ಮಹಾಯುದ್ಧದ ಕೊನೆಯ ದಿನಗಳಲ್ಲಿ, ದಕ್ಷಿಣದ ಗಡಿಯಲ್ಲಿ ನಮ್ಮ ಸೈನ್ಯದ ಸಾಲು ಮುರಿದು ಜನ ದಿಕ್ಕಾಪಾಲಾದಾಗ, ವರ್ಬಿಲಾದ ಇಬ್ಬರ ಸುಳಿವು ಸಿಗದೆಹೋಯಿತು. ಒಬ್ಬ ಪೀಪಾಯಿ ಮಾಡುವ ಪೆಂಚೊ, ಇನ್ನೊಬ್ಬ ಜೇನು ಸಾಕುವ ದೋಬ್ರಿ. ಕೆಲವು ದಿನಗಳ ಮೇಲೆ ಒಂದು ಹಳ್ಳದಲ್ಲಿ, ಮುಖದ ಗುರುತು ಸಿಗದ ಒಂದು ಹೆಣ ಸಿಕ್ಕಿತು. ಅದರ ಚೀಲದಲ್ಲಿ ನಮ್ಮ ಓದುಮನೆಯ ಮುದ್ರೆಯಿದ್ದ ಪುಸ್ತಕವಿತ್ತು. ಸೈನ್ಯದ ಪಾದ್ರಿ ಹೆಣವನ್ನು ಅಲ್ಲೇ ಮಣ್ಣು ಮಾಡಿಸಿ, ಪುಸ್ತಕವನ್ನು ಅಂಚೆಯಲ್ಲಿ ಇಲ್ಲಿಗೆ ಕಳಿಸಿದ. ಆಗಿನ ಗ್ರಂಥಪಾಲಕ ದಾಖಲೆ ಪುಸ್ತಕ ತೆರೆದು ನೋಡಿದ: ಇನ್ನೂರ ಹನ್ನೆರಡನ್ನು ತೆಗೆದುಕೊಂಡವನು ಪೆಂಚೊ. ಹಾಗಾದರೆ ಸತ್ತವನು ಪೆಂಚೊ, ಓಡಿಹೋದವನು ದೋಬ್ರಿ. ಊರಿಗೆ ಅಷ್ಟು ಸಾಕಾಯಿತು.

ಪೆಂಚೊ ಸ್ತಾಮೆನಾಳ ಅಪ್ಪನ ಅಪ್ಪ. ಓದುಮನೆಯ ಅಂಗಳದ ಸ್ಮಾರಕದ ಮೇಲೆ ಅವನ ಹೆಸರಿದೆ. ಮೂರು ವರ್ಷದ ಕೂಸಾಗಿದ್ದ ಅವನ ಮಗ ವೀರನ ಮಗನಾಗಿ ಬೆಳೆದ, ಸ್ತಾಮೆನಾ ವೀರನ ಮೊಮ್ಮಗಳಾಗಿ ಬೆಳೆದಳು. ಪ್ರತಿ ವರ್ಷ ಜೂನ್ ಎರಡರ ಮಧ್ಯಾಹ್ನ, ದೇಶಕ್ಕಾಗಿ ಮಡಿದವರ ನೆನಪಿಗೆ ಸೈರನ್ ಕೂಗಿ ಇಡೀ ದೇಶ ಎದ್ದು ನಿಂತಾಗ ನಮ್ಮಲ್ಲಿ ಹೂಮಾಲೆ ಇಡುತ್ತಿದ್ದವಳು ಅವಳೇ. ಈ ಕೆಲಸ ಅವಳಿಗೆ ಸಿಕ್ಕಿದ್ದೂ 'ಪುಸ್ತಕದ ಮನೆಯ ಹುಡುಗಿ' ಅಂತಲೇ. ದೋಬ್ರಿಯ ಹೆಸರಿನ ಗತಿ ಬೇರೆ. ಇಸ್ಪೀಟಿನಲ್ಲಿ ಎಲೆ ಬಿಸಾಕಿ ಎದ್ದವನನ್ನು ನಮ್ಮೂರಲ್ಲಿ ಇವತ್ತಿಗೂ 'ದೋಬ್ರಿ ಆದ' ಎನ್ನುತ್ತಾರೆ. ನಾನೂ ಎಷ್ಟೋ ಸಲ ಅಂದಿದ್ದೇನೆ.

ಆ ಯುದ್ಧ ಮುಗಿದು ನೂರು ವರ್ಷವಾದ ನೆಪದಲ್ಲಿ ಬಿರುಕು ಬಿಟ್ಟ ಸ್ಮಾರಕಕ್ಕೆ ಹೊಸ ಅಮೃತಶಿಲೆ ಹಾಕಿಸುವುದೆಂದು ಪುರಸಭೆ ತೀರ್ಮಾನಿಸಿತು. ಹೆಸರುಗಳನ್ನು ಓದುಮನೆಯ ದಾಖಲೆಗಳ ಜೊತೆ ಹೋಲಿಸಿ, ಸಹಿ ಹಾಕಿ, ಜೂನ್ ಎರಡರಂದು ಅಂಗಳದಲ್ಲಿ ಓದಿ ಕಲ್ಲುಕುಟಿಗನಿಗೆ ಕೊಡುವ ಹೊಣೆ ಸ್ತಾಮೆನಾಳ ಮೇಲೆ ಬಿತ್ತು. ಅವಳ ಸಹಿ ಇಲ್ಲದೆ ಒಂದು ಅಕ್ಷರವೂ ಕಲ್ಲಿಗೆ ಏರುವಂತಿರಲಿಲ್ಲ. ಈ ಸುದ್ದಿ ಪತ್ರಿಕೆಯಲ್ಲಿ ಬಂದ ಹತ್ತನೆಯ ದಿನ, ಮೇ ತಿಂಗಳ ಒಂದು ಸೋಮವಾರ, ಒಬ್ಬ ಹೆಂಗಸು ಬಂದು ಬಾಗಿಲಲ್ಲಿ ನಿಂತಳು.

ಐವತ್ತರ ಆಸುಪಾಸು, ಅಗಲ ಭುಜ, ಸೋಫಿಯಾದಲ್ಲಿ ಟ್ರಾಮ್ ಓಡಿಸುವವಳಂತೆ. ಹೆಸರು ನೆದ್ಯಾಲ್ಕಾ. ಯುದ್ಧಕಾಲದ ಕಾಗದಪತ್ರ ನೋಡಬೇಕು, ನಮ್ಮ ಮುತ್ತಜ್ಜ ಈ ಊರಿನವರು ಅಂದಳು. ಮುತ್ತಜ್ಜನ ಹೆಸರೇನು ಅಂತ ಸ್ತಾಮೆನಾ ತಲೆ ಎತ್ತದೆಯೇ ಕೇಳಿದಳು.

"ದೋಬ್ರಿ, ಮೇಡಂ. ಜೇನಿನ ದೋಬ್ರಿ ಅಂತಿದ್ರಂತೆ."

ನನ್ನ ಕೈಯಲ್ಲಿದ್ದ ಪತ್ರಿಕೆ ಮಡಿಲಿಗೆ ಬಿತ್ತು. ಸ್ತಾಮೆನಾ ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು.

"ಗುರುತಿನ ಚೀಟಿ ಕೊಡಿ. ಚೀಲ ಅಲ್ಲಿ ಮೂಲೇಲಿಡಿ. ಕೈ ತೊಳ್ಕೊಂಡು ಬನ್ನಿ."

ನೆದ್ಯಾಲ್ಕಾ ಹೇಳಿದಂತೆ ಮಾಡಿದಳು. ಅವಳಿಗೆ ಬೇಕಾದದ್ದು ಇಷ್ಟೇ: ಮುತ್ತಜ್ಜ ಓಡಿಹೋದವನಲ್ಲ ಎಂಬುದಕ್ಕೆ ಒಂದು ಆಧಾರ, ಹೊಸ ಕಲ್ಲಿನ ಮೇಲೆ ಅವನ ಹೆಸರು. ಅವಳ ಅಜ್ಜಿ, ದೋಬ್ರಿಯ ಮಗಳು, ಸಾಯುವ ತನಕ ಅದೊಂದೇ ಹೇಳುತ್ತಿದ್ದಳಂತೆ. ಸ್ತಾಮೆನಾ ಕಾಗದಗಳನ್ನು ಒಂದೊಂದೇ ಎಣಿಸಿ ಕೊಟ್ಟು, ಎದುರಿಗೇ ಕುರ್ಚಿ ಹಾಕಿಕೊಂಡು ಕುಳಿತಳು. ಆ ದಿನವಿಡೀ ನೆದ್ಯಾಲ್ಕಾ ಕಾಗದ ನೋಡಿದಳು, ಸ್ತಾಮೆನಾ ನೆದ್ಯಾಲ್ಕಾಳನ್ನು ನೋಡಿದಳು, ನಾನು ಇಬ್ಬರನ್ನೂ ನೋಡಿದೆ. ಸಂಜೆ ಹೊರಡುವ ಮುಂಚೆ ಆ ಹೆಂಗಸು ಗಾಜಿನ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಳು. ಬಗ್ಗಿ ಏನನ್ನೋ ಓದಿ ಕೈಪುಸ್ತಕದಲ್ಲಿ ಬರೆದುಕೊಂಡಳು.

ಅವಳು ಅತ್ತ ಹೋದದ್ದೇ ತಡ, ಸ್ತಾಮೆನಾ ನನ್ನ ಕಡೆ ತಿರುಗಿದಳು.

"ಅದು ಹೊಲಕ್ಕೆ ಬಂದಿರೋ ಗಿರಾಕಿ, ನೈಡೆನ್ ಅಣ್ಣ. ದೋಬ್ರಿ ಜೇನುಪೆಟ್ಟಿಗೆ ಇಟ್ಟಿದ್ದ ಹುಲ್ಲುಗಾವಲಿಗೆ ಈಗ ಬೆಲೆ ಬಂದಿದೆ. ಹೆಸರು ಕಲ್ಲಿನ ಮೇಲೆ ಬಂದ್ರೆ ನಾಳೆ ನೆಲಾನೂ ಕೇಳ್ತಾಳೆ. ಸ್ವಲ್ಪ ಹಿಂದೆ ಹೋಗಿ ನೋಡು."

ಅಂಚೆಯವನ ಕಾಲು, ಸುಮ್ಮನಿರುವುದಿಲ್ಲ. ಮರುದಿನ ಬೆಳಿಗ್ಗೆ ಅವಳ ಹಿಂದೆ ಹೋದೆ. ಹುಲ್ಲುಗಾವಲಿನ ಕಡೆ ತಿರುಗಿಯೂ ನೋಡದೆ ಅವಳು ನೇರವಾಗಿ ಹೋದದ್ದು ಸ್ಮಶಾನಕ್ಕೆ. ಅಲ್ಲಿ ಗೋರಿಯಿಂದ ಗೋರಿಗೆ ನಡೆದು, ಪಾಚಿ ಕೆರೆದು, ಇಸವಿಗಳನ್ನು ಬರೆದುಕೊಳ್ಳುತ್ತಿದ್ದಳು. ನಾನು ಮರೆಯಲ್ಲಿ ನಿಂತು ನೋಡಿದೆ: ಅವೆಲ್ಲ ಸ್ತಾಮೆನಾಳ ಮನೆಯವರ ಗೋರಿಗಳು. ಹೋಗಿ ವರದಿ ಒಪ್ಪಿಸಿದಾಗ ಸ್ತಾಮೆನಾಳ ಮುಖ ಬಿಳಿಚಿಕೊಂಡಿತು. ನನ್ನ ಮನೆಯವರ ಗೋರಿಗಳಲ್ಲಿ ಅವಳಿಗೇನು ಕೆಲಸ ಅಂತ ಕೇಳಿದವಳು, ಯಾವ ಯಾವ ಗೋರಿ ಅಂತ ಎರಡನೆಯ ಸಲ ಕೇಳಿದಳು. ನಾನು ಹೆಸರು ಹೇಳುತ್ತಾ ಹೋದ ಹಾಗೆ ಅವಳ ಬೆರಳು ಕೊರಳಿನ ಬೀಗದ ಕೈಯನ್ನು ತಿರುವುತ್ತಿತ್ತು.

ಬುಧವಾರ ಬೆಳಿಗ್ಗೆ ನಾನು ಹೋದಾಗ ಗಾಜಿನ ಪೆಟ್ಟಿಗೆಯಲ್ಲಿ ಒಂದು ವಸ್ತು ಕಡಿಮೆ ಇತ್ತು. ಜೇನಿನ ಪುಸ್ತಕ ಇತ್ತು. ಅದರ ಪಕ್ಕದಲ್ಲಿ ಗೆನಾ ಅಜ್ಜಿಯ ಹೆಸರುಪುಸ್ತಕ ಇರಲಿಲ್ಲ, ಅಲ್ಲಿ ಮಾಸದ ಬಟ್ಟೆಯ ಒಂದು ಚೌಕ ಮಾತ್ರ ಉಳಿದಿತ್ತು. ಗೆನಾ ಅಂದರೆ ಪೆಂಚೊನ ಹೆಂಡತಿ, ಸ್ತಾಮೆನಾಳ ಅಜ್ಜಿ. ನಮ್ಮಲ್ಲಿ ಪ್ರತಿ ಮನೆಯ ಹೆಂಗಸೂ ಅಂಥದೊಂದು ಪುಟ್ಟ ಪುಸ್ತಕ ಇಟ್ಟುಕೊಂಡಿರುತ್ತಾಳೆ. ಚರ್ಚಿನಲ್ಲಿ ಪಾದ್ರಿ ಯಾರ ಯಾರ ಹೆಸರು ಹಿಡಿದು ಪ್ರಾರ್ಥಿಸಬೇಕೆಂದು ಅದರಲ್ಲಿ ಬರೆದಿರುತ್ತದೆ. ಮುಂದಿನ ಹಾಳೆಗಳಲ್ಲಿ ಬದುಕಿರುವವರು, ಹಿಂದಿನ ಹಾಳೆಗಳಲ್ಲಿ ಸತ್ತವರು. ಗೆನಾಳ ಪುಸ್ತಕ ಸತ್ತವರ ಹಾಳೆಗೆ ತೆರೆದುಕೊಂಡು ಎಷ್ಟೋ ವರ್ಷದಿಂದ ಗಾಜಿನಡಿ ಇತ್ತು. ಅದರಲ್ಲಿ ಪೆಂಚೊನ ಹೆಸರು ಆರನೆಯದು. ಎಲ್ಲರಿಗಿಂತ ಮೊದಲು ಸತ್ತವನ ಹೆಸರು ಆರನೆಯದು ಯಾಕೆ ಎಂದು ಶಾಲೆಯ ಮಕ್ಕಳು ಕೇಳಿದರೆ, ಬರೆಯಲು ಅಜ್ಜಿಗೆ ಅಷ್ಟು ವರ್ಷ ಕೈ ಬರಲಿಲ್ಲ ಎಂದು ಸ್ತಾಮೆನಾ ಹೇಳುತ್ತಿದ್ದಳು. ಕೇಳಿದ ಮೇಡಂಗಳು ಕಣ್ಣೊರೆಸಿಕೊಳ್ಳುತ್ತಿದ್ದರು.

ಪುಸ್ತಕ ಎಲ್ಲಿ ಅಂತ ನಾನು ಕೇಳಿದೆ. ಹುಳು ಹಿಡಿದಿತ್ತು, ಔಷಧಿ ಹಾಕಲು ತೆಗೆದಿಟ್ಟಿದ್ದೇನೆ ಅಂದಳು. ಮೂವತ್ತೆಂಟು ವರ್ಷದಲ್ಲಿ ಆ ಪೆಟ್ಟಿಗೆಯೊಳಗೆ ಒಂದು ಹುಳು ಕಾಲಿಟ್ಟದ್ದನ್ನು ನಾನು ಕಂಡಿಲ್ಲ. ಊರನ್ನೆಲ್ಲ ಅನುಮಾನಿಸುವ ಹೆಂಗಸನ್ನು ನಾನು ಅವತ್ತು ಮೊದಲ ಸಲ ಅನುಮಾನಿಸಿದೆ. ಮನಸ್ಸಿಗೆ ಬಹಳ ಕಸಿವಿಸಿಯಾಯಿತು.

ನೆದ್ಯಾಲ್ಕಾ ಬಂದವಳೇ ಆ ಖಾಲಿ ಚೌಕ ನೋಡಿದಳು. ಹೆಸರುಪುಸ್ತಕ ಎಲ್ಲಿ ಎಂದು ಅವಳೂ ಕೇಳಿದಳು. ಅದನ್ನೇ ನಾನು ನಿಮ್ಮನ್ನು ಕೇಳಬೇಕು, ಚೀಲ ತೆಗೆದು ತೋರಿಸಿ ಅಂದುಬಿಟ್ಟಳು ಸ್ತಾಮೆನಾ. ಪುಸ್ತಕ ತಾನೇ ತೆಗೆದಿಟ್ಟು ಬೇರೆಯವರ ಚೀಲ ತಡಕುವುದು ಎಂಥ ಕೆಲಸ! ನಾನು ಎದ್ದು ಹೇಳಬೇಕಿತ್ತು, ಹೇಳಲಿಲ್ಲ. ನೆದ್ಯಾಲ್ಕಾ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಟ್ರಾಮಿನವರ ಕೈಗವಸು, ಬ್ರೆಡ್ಡಿನ ನಡುವೆ ಇಟ್ಟ ಸುಟ್ಟ ಮೆಣಸಿನಕಾಯಿ, ಕೈಪುಸ್ತಕ, ಒಂದು ಶೀಸೆ ಜೇನುತುಪ್ಪ, ರಟ್ಟಿಗೆ ಅಂಟಿಸಿದ ಒಂದು ಫೋಟೋ. ಫೋಟೋದಲ್ಲಿ ದೊಡ್ಡ ಮೀಸೆಯ ತೆಳ್ಳಗಿನ ಗಂಡಸು ಹುಲ್ಲಿನ ಜೇನುಗೂಡಿನ ಮೇಲೆ ಕೈಯಿಟ್ಟು ನಿಂತಿದ್ದ.

"ಇಷ್ಟೇ ಇರೋದು, ಮೇಡಂ. ಒಂದೇ ಒಂದು ಕೇಳ್ತೀನಿ. ನಿಮ್ಮಜ್ಜ ಜೇನು ಸಾಕ್ತಿದ್ರಾ?"

ಸ್ತಾಮೆನಾ ಕೈಗವಸುಗಳನ್ನು ಒಂದೊಂದೇ ಕೊಡವಿ ನೋಡುತ್ತಿದ್ದಳು.

"ನಿಮ್ಮಜ್ಜಿ ಪುಸ್ತಕದಲ್ಲಿ ಐದನೇ ಹೆಸರು ಮಿತಾ. ಆಕೆ ಗೋರಿ ಮೇಲೆ ನಲವತ್ತೊಂಬತ್ತು ಅಂತಿದೆ. ಏಳನೇ ಹೆಸರು ಇಲಿಯಾ, ಐವತ್ಮೂರು. ನಿಮ್ಮಜ್ಜ ಅವರಿಬ್ಬರ ಮಧ್ಯ ಇದ್ದಾರೆ. ಹಿಂದಿನ ಹಾಳೆ ನೋಡಿದ್ದಾಯ್ತು, ಮುಂದಿನ ಹಾಳೇನೂ ಒಂದ್ಸಲ ನೋಡಿ. ನನಗೆ ತೋರಿಸೋದು ಬೇಡ, ನೀವೇ ನೋಡಿ."

ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಟುಹೋದಳು. ಜೇನಿನ ಶೀಸೆಯನ್ನು ಮೇಜಿನ ಮೇಲೆಯೇ ಬಿಟ್ಟಿದ್ದಳು, ಮರೆತಳೋ ಬೇಕೆಂದೇ ಬಿಟ್ಟಳೋ ಗೊತ್ತಾಗಲಿಲ್ಲ. ಸ್ತಾಮೆನಾ ಅದನ್ನು ಲಂಚ ಅಂತ ಕರೆದು ಬೀರುವಿನ ಮೇಲೆ ಎತ್ತಿಟ್ಟಳು.

ಮುಂದಿನ ಹಾಳೆಯನ್ನು ಅವಳು ಯಾವತ್ತೂ ನೋಡಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ, ನಾನು ನಂಬುತ್ತೇನೆ. ಸತ್ತವರ ಹೆಸರುಪುಸ್ತಕದಲ್ಲಿ ಬದುಕಿರುವವರ ಹಾಳೆಯನ್ನು ನಮ್ಮಲ್ಲಿ ಯಾರೂ ತೆರೆಯುವುದಿಲ್ಲ, ಅಪಶಕುನ. ತೆರೆದವರ ಹೆಸರೂ ಆ ಸಾಲಿಗೆ ಸೇರುತ್ತದೆ ಎನ್ನುತ್ತಾರೆ. ಪರಲೋಕಕ್ಕೆ ಹೋದವಳ ಪುಸ್ತಕದಲ್ಲಿ ಯಾರ ಆರೋಗ್ಯ ಬೇಡುವುದು? ಊರಿನವರ ಒಂದೊಂದು ಹಾಳೆಯನ್ನೂ ಮೂಸಿ ನೋಡಿದವಳು ಸ್ವಂತ ಅಜ್ಜಿಯ ನಾಲ್ಕು ಹಾಳೆಗಳನ್ನು ಮೂವತ್ತೆಂಟು ವರ್ಷ ಮುಟ್ಟದೆ ಬಿಟ್ಟಿದ್ದಳು.

ಗುರುವಾರ ಹನ್ನೊಂದು ಗಂಟೆಗೆ ಅವಳು 'ಪುಸ್ತಕ ತಪಾಸಣೆ' ಎಂಬ ಹಲಗೆಯನ್ನು ಬಾಗಿಲಿಗೆ ನೇತುಹಾಕಿದಳು. ನಾನು ಟೋಪಿ ತೆಗೆದುಕೊಂಡು ಏಳುತ್ತಿದ್ದೆ.

"ನೀನಿರು ಅಣ್ಣ. ಬಾಗಿಲು ಹಾಕ್ಕೊಂಡು ಬಾ."

ಮೇಜಿನ ಮೇಲೆ ಹಳೆಯ ದಾಖಲೆ ಪುಸ್ತಕ ತೆರೆದಿತ್ತು. ಓದು ಅಂತ ಬೆರಳಿಟ್ಟು ತೋರಿಸಿದಳು. ಹದಿನೆಂಟರ ಜುಲೈ, ಸೈನಿಕರು ಕೊಯ್ಲಿನ ರಜೆಗೆ ಬಂದಿದ್ದಾಗ ಬರೆದ ಸಾಲು: ಸಂಖ್ಯೆ ಇನ್ನೂರ ಹನ್ನೆರಡು, ಜೇನು ಸಾಕಣೆ, ಪೆಂಚೊ, ಪೀಪಾಯಿ ಕೆಲಸ. ಹಿಂದಿರುಗಿಸಿದ ದಿನದ ಜಾಗ ಖಾಲಿ. ಆಮೇಲೆ ಅವಳು ಹಿಂದಕ್ಕೆ ಹಾಳೆ ಮಗುಚಿ ಹದಿನಾಲ್ಕರ ಮಾರ್ಚಿಗೆ ಬಂದಳು. ಅದೇ ಇನ್ನೂರ ಹನ್ನೆರಡು, ಅದೇ ಜೇನು ಸಾಕಣೆ, ತೆಗೆದುಕೊಂಡವನು ದೋಬ್ರಿ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: 'ಹಾಳೆಗಳಿಗೆ ಜೇನು ಮೆತ್ತಿಸಿ ತಂದಿದ್ದಾನೆ. ಇನ್ನು ಮುಂದೆ ಇವನಿಗೆ ಪುಸ್ತಕ ಕೊಡಕೂಡದು.'

"ಈ ಸಾಲನ್ನ ಶಾಲೆ ಮಕ್ಕಳಿಗೆ ಓದಿ ಎಷ್ಟು ಸಲ ನಗಿಸಿದೀನಿ," ಅಂದಳು. "ಪುಸ್ತಕ ಹಾಳು ಮಾಡಿದ್ರೆ ಹೀಗಾಗತ್ತೆ ಅಂತ. ಅವನಿಗೆ ಕೊಡಲ್ಲ ಅಂದ್ಮೇಲೆ ಅವನ ಸ್ನೇಹಿತ ತನ್ನ ಹೆಸರಲ್ಲಿ ಇಸ್ಕೊಂಡು ಹೋಗಿ ಕೊಟ್ಟಿದಾನೆ. ಪೀಪಾಯಿ ಮಾಡೋನಿಗೆ ಯುದ್ಧದಲ್ಲಿ ಜೇನಿನ ಪುಸ್ತಕ ಯಾಕೆ ಬೇಕು? ಇದು ನನಗೆ ಹೊಳೀಲಿಲ್ಲ, ಅಣ್ಣ. ಟ್ರಾಮ್ ಓಡಿಸೋಳಿಗೆ ಎರಡು ದಿನದಲ್ಲಿ ಹೊಳೀತು."

ಡ್ರಾಯರಿನಿಂದ ಗೆನಾಳ ಹೆಸರುಪುಸ್ತಕ ತೆಗೆದು, ಶಿಲುಬೆಯ ಗುರುತು ಮಾಡಿಕೊಂಡು, ಬದುಕಿರುವವರ ಹಾಳೆಯನ್ನು ತೆರೆದಳು. ಮೊದಲ ಹೆಸರು ಅವಳ ಅಪ್ಪನದು. ಎರಡನೆಯದು, 'ದಾರಿಯಲ್ಲಿರುವ ಪೆಂಚೊ.' ಮಾಸಿದ ಶಾಯಿಯ ಮೇಲೆ ಬೇರೆ ಶಾಯಿಯಿಂದ ಒಂದೇ ಒಂದು ಗೀಟು ಎಳೆದಿತ್ತು.

ಈಗ ನನ್ನ ಸರದಿ. ಬಾಯಿ ಮುಚ್ಚಿಕೊಂಡಿರಬಹುದಿತ್ತು, ಅಷ್ಟು ವರ್ಷ ಮುಚ್ಚಿಕೊಂಡೇ ಇದ್ದೆ. ಆದರೆ ಆ ಗೀಟು ನೋಡಿದ ಮೇಲೆ ಆಗಲಿಲ್ಲ. ಅಂಚೆಯ ಚೀಲ ನನಗೆ ಒಪ್ಪಿಸುವಾಗ ಅಪ್ಪ ಹೇಳಿದ್ದನ್ನು ಅವಳಿಗೆ ಹೇಳಿದೆ. ಗೆನಾಗೆ ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಹಂಗೇರಿಯಿಂದ ಒಂದು ಕಾರ್ಡು ಬರುತ್ತಿತ್ತು. ನಮ್ಮ ಕಡೆಯ ಎಷ್ಟೋ ಗಂಡಸರು ಅಲ್ಲಿ ತರಕಾರಿ ತೋಟ ಮಾಡುತ್ತಿದ್ದ ಕಾಲ, ಕಾರ್ಡು ಬರುವುದು ವಿಶೇಷವಲ್ಲ. ಈ ಕಾರ್ಡಿನಲ್ಲಿ ಮಾತು ಇರುತ್ತಿರಲಿಲ್ಲ, ಕೆಳಗೆ ಒಂದು ಗುರುತು ಮಾತ್ರ: ಒಂದು ವೃತ್ತ, ಅದರ ಮೇಲೆ ಎರಡು ಅಡ್ಡಗೀಟು. ಪೆಂಚೊ ಮಾಡಿದ ಹಳೆಯ ಪೀಪಾಯಿಗಳ ತಳದಲ್ಲಿ ಇವತ್ತಿಗೂ ಆ ಗುರುತು ಕಾಣುತ್ತದೆ. ಮೊದಲ ಕಾರ್ಡು ಬಂದದ್ದು ಇಪ್ಪತ್ತನೆಯ ಇಸವಿಯಲ್ಲಿ, ಕೊನೆಯದು ಐವತ್ತರಲ್ಲಿ. ಅದರ ಮರುವರ್ಷ ಯಾರದೋ ಕೈಬರಹದ ಒಂದು ಕಾಗದ ಬಂತು, ಆಮೇಲೆ ನಿಂತುಹೋಯಿತು. ಅಂಚೆಯವನಿಗೆ ಕಣ್ಣಿರಬಾರದು ಅಂತ ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದ.

"ಇಷ್ಟು ವರ್ಷ ನನ್ನೆದುರಿಗೆ ಕೂತು ಪೇಪರ್ ಓದಿದೀಯ," ಅಂದಳು ಸ್ತಾಮೆನಾ. "ಊರೆಲ್ಲ ಕಳ್ಳರು ಅಂದ್ಕೊಂಡಿದ್ದೆ. ನಿನ್ನೊಬ್ಬನ್ನ ಬಿಟ್ಟು."

ನನಗೆ ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ಅಷ್ಟು ನಾಚಿಕೆಯಾಗಬಹುದೆಂದು ನನಗೆ ಗೊತ್ತಿರಲಿಲ್ಲ. ದೋಬ್ರಿ ಆದ, ದೋಬ್ರಿ ಆದ ಎಂದು ಇಸ್ಪೀಟಿನಲ್ಲಿ ಕೂಗಿದ್ದು ನೆನಪಾಗಿ ಕಿವಿ ಬಿಸಿಯಾಯಿತು.

ಅವಳು ಅಳಲಿಲ್ಲ. ಅಜ್ಜಿ ತನಗೆ ಮತ್ತೆ ಮತ್ತೆ ಹೇಳುತ್ತಿದ್ದ ಒಂದು ಕಥೆಯನ್ನು ನನಗೆ ಹೇಳಿದಳು. ದೋಬ್ರಿಯ ಹೆಂಡತಿ ರಾದಾ ನೀರಿಗೆ ಬಂದರೆ ಕೆಳಗಿನ ಚಿಲುಮೆಯ ಹತ್ತಿರ ಹೆಂಗಸರೆಲ್ಲ ಕೊಡ ಎತ್ತಿಕೊಂಡು ಸರಿದುಬಿಡುತ್ತಿದ್ದರಂತೆ. ಒಂದು ದಿನ ರಾದಾ ತುಂಬಿಸಿಟ್ಟ ಎರಡು ಕೊಡವನ್ನೂ ಗೆನಾ ಎಲ್ಲರೆದುರು ಕಾಲಿನಿಂದ ಉರುಳಿಸಿದಳು. ಓಡಿಹೋದವನ ಹೆಂಡತಿಗೆ ಈ ಊರಲ್ಲಿ ನೀರಿಲ್ಲ ಅಂದಳು. ಆ ವಾರವೇ, ಇಪ್ಪತ್ತೊಂದರ ವಸಂತಕಾಲದಲ್ಲಿ, ರಾದಾ ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಊರು ಬಿಟ್ಟಳು. ಈ ಕಥೆ ಕೇಳಿ ಚಿಕ್ಕ ಸ್ತಾಮೆನಾ ಚಪ್ಪಾಳೆ ತಟ್ಟುತ್ತಿದ್ದಳಂತೆ.

"ಅಜ್ಜ ಹೆದರಿ ಓಡಿದ. ಅವತ್ತು ಸಾವಿರಾರು ಜನ ಓಡಿದ್ರು, ಅದನ್ನ ಹೇಗೋ ನುಂಗ್ಕೋಬಹುದು," ಅಂದಳು. "ಅಜ್ಜಿಗೆ ಗೊತ್ತಿತ್ತು, ಅಣ್ಣ. ಮೊದಲನೇ ಕಾರ್ಡು ಮನೇಲಿಟ್ಕೊಂಡೇ ಹೋಗಿ ಆ ನೀರು ಚೆಲ್ಲಿದಾಳೆ."

ನಾನು ಒಂದು ಉಪಾಯ ಹೇಳಿದೆ. ಯಾರಿಗೂ ಏನೂ ಹೇಳದೆ ಎರಡೂ ಹೆಸರು ಪಟ್ಟಿಯಲ್ಲಿಡು, ಕಲ್ಲಿನ ಮೇಲೆ ಜಾಗಕ್ಕೇನು ಬರ, ಸತ್ತವರು ಜಗಳಕ್ಕೆ ಬರುವುದಿಲ್ಲ ಅಂದೆ. ನಾನು ಪದಬಂಧ ಹರಿದ ದಿನ ನೋಡಿದ್ದಂತೆಯೇ ಅವಳು ನನ್ನನ್ನು ನೋಡಿದಳು.

"ಒಂದು ಪುಸ್ತಕಾನ ಇಬ್ಬರ ಹೆಸರಲ್ಲಿ ಬರೆಯೋಕಾಗಲ್ಲ."

ಮರುದಿನವೂ ತಪಾಸಣೆಯ ಹಲಗೆ ಕೆಳಗಿಳಿಯಲಿಲ್ಲ. ಶನಿವಾರ ಸತ್ತವರ ಹಬ್ಬ, ಚೆರಿ ಹಣ್ಣಿನ ಕಾಲಕ್ಕೆ ಬರುವಂಥದು. ಊರೆಲ್ಲ ಬೇಯಿಸಿದ ಗೋಧಿ, ಬ್ರೆಡ್ಡು, ಚೆರಿ ಹಿಡಿದುಕೊಂಡು ಸ್ಮಶಾನಕ್ಕೆ ಬಂದಿತ್ತು. ಹೆಂಗಸರು ತಮ್ಮ ಸತ್ತವರ ಹೆಸರಿನ ಚೀಟಿಗಳನ್ನು ಪಾದ್ರಿಯ ಕೈಗೆ ಕೊಡುವುದು, ಅವನು ಧೂಪ ಹಾಕಿ ಒಂದೊಂದೇ ಓದುವುದು. ನೆದ್ಯಾಲ್ಕಾಳೂ ಬಂದಿದ್ದಳು. ತಟ್ಟೆಯಲ್ಲಿ ಗೋಧಿ ಇತ್ತು, ಇಡುವುದಕ್ಕೆ ಗೋರಿ ಇರಲಿಲ್ಲ. ಬೇಲಿಯ ಹತ್ತಿರ ಒಬ್ಬಳೇ ನಿಂತಿದ್ದಳು. ನಮ್ಮ ಹೆಂಗಸರು ಅವಳು ಯಾರ ಪೈಕಿ ಎಂದು ಆಗಲೇ ಪತ್ತೆ ಮಾಡಿದ್ದರು, ಓರೆಗಣ್ಣಿನಿಂದ ನೋಡುತ್ತಿದ್ದರು.

ಸ್ತಾಮೆನಾಳ ಚೀಟಿ ಬಂತು. ಪಾದ್ರಿ ಅವಳ ಅಪ್ಪನ ಹೆಸರು ಓದಿದ, ಗೆನಾ ಅಂದ, ಪೆಂಚೊ ಅಂದ, ಆಮೇಲೆ ದೋಬ್ರಿ ಅಂದು ನಿಲ್ಲಿಸಿದ. ಚೀಟಿಯನ್ನು ಕಣ್ಣಿನ ಹತ್ತಿರ ತಂದ.

"ಸರಿಯಾಗೇ ಓದಿದ್ರಿ, ಫಾದರ್. ಮುಂದೆ ಓದಿ," ಅಂದಳು ಸ್ತಾಮೆನಾ.

ಪಾದ್ರಿ ರಾದಾ ಎಂದು ಓದಿದ. ಸ್ತಾಮೆನಾ ಗೋಧಿಯ ತಟ್ಟೆ ಎತ್ತಿಕೊಂಡು, ಎಲ್ಲರ ನಡುವೆ ಹಾದು, ಬೇಲಿಯವರೆಗೆ ನಡೆದುಹೋದಳು. ಒಂದು ಚಮಚ ಗೋಧಿಯನ್ನು ನೆದ್ಯಾಲ್ಕಾಳ ಅಂಗೈಗೆ ಹಾಕಿ, ಸತ್ತವರ ಹೆಸರಲ್ಲಿ ಏನು ಕೊಟ್ಟರೂ ನಾವು ಹೇಳುವ ಮಾತನ್ನೇ ಹೇಳಿದಳು: "ದೇವರು ಅವರನ್ನ ಕ್ಷಮಿಸಲಿ." ತೆಗೆದುಕೊಂಡವರೂ ಅದೇ ಮಾತನ್ನು ತಿರುಗಿ ಹೇಳಬೇಕು. ನಾವು ಅದನ್ನು ಯೋಚನೆಯಿಲ್ಲದೆ ಹೇಳುತ್ತೇವೆ. ನೆದ್ಯಾಲ್ಕಾ ಯೋಚಿಸಿದಳು. ಅಂಗೈಯಲ್ಲಿದ್ದ ಗೋಧಿಯನ್ನೇ ನೋಡುತ್ತಾ ಬಹಳ ಹೊತ್ತು ನಿಂತಳು, ಆಮೇಲೆ ಹೇಳಿದಳು.

ಜೂನ್ ಎರಡರಂದು ಸೈರನ್ ಕೂಗಿ ನಿಂತ ಮೇಲೆ ಸ್ತಾಮೆನಾ ಪಟ್ಟಿ ಓದಿದಳು. ನಲವತ್ತೇಳು ಹೆಸರು, ಹಿಂದೆ ಇದ್ದಷ್ಟೇ. ಪೆಂಚೊ ಇರಲಿಲ್ಲ, ದೋಬ್ರಿ ಇದ್ದ. ಯಾಕೆ ಎಂಬುದನ್ನು ದಾಖಲೆ ಪುಸ್ತಕದ ಎರಡು ಸಾಲು, ಹೆಸರುಪುಸ್ತಕದ ಎರ‍ಡು ಹಾಳೆ ಓದಿ ತಿಳಿಸಿದಳು. ಚಿಲುಮೆಯ ಕಥೆಯನ್ನೂ ಬಿಡಲಿಲ್ಲ. ಅವಳ ದಾಯಾದಿಯೊಬ್ಬ ಅರ್ಧದಲ್ಲೇ ಎದ್ದುಹೋದ, ಇವತ್ತಿಗೂ ಅವಳ ಜೊತೆ ಮಾತಿಲ್ಲ. ಮನೆಯ ಮಾನವನ್ನು ಬೀದಿಗೆ ಹಾಕಿದಳು ಅಂತ ಕೆಲವರು ಅಂದರು. ಹೂಮಾಲೆಯನ್ನು ಅವಳು ನೆದ್ಯಾಲ್ಕಾಳ ಕೈಯಲ್ಲಿ ಇಡಿಸಿದಳು.

ಆಮೇಲೆ ಮೂವರೂ ಒಳಗೆ ಬಂದೆವು. ನೆದ್ಯಾಲ್ಕಾ ಮೂರು ಗಂಟೆಯ ಬಸ್ಸಿಗೆ ಹೊರಡುವವಳಿದ್ದಳು. ಸ್ತಾಮೆನಾ ಕೊರಳಿನ ಬೀಗದ ಕೈ ತೆಗೆದು ಗಾಜಿನ ಪೆಟ್ಟಿಗೆ ತೆರೆದು, ಇನ್ನೂರ ಹನ್ನೆರಡನ್ನು ಈಚೆ ತಂದಳು. ಹಳೆಯ ದಾಖಲೆ ಪುಸ್ತಕದಲ್ಲಿ ದೋಬ್ರಿಯ ಹೆಸರಿನ ಮುಂದಿದ್ದ ಕೆಂಪು ಸಾಲನ್ನು ಅಡ್ಡಪಟ್ಟಿ ಇಟ್ಟು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದಳು. ಹೊಸ ದಾಖಲೆ ಪುಸ್ತಕದಲ್ಲಿ ಸಂಖ್ಯೆ ಬರೆದು, ದಾರಕ್ಕೆ ಕಟ್ಟಿದ ಪೆನ್ಸಿಲ್ಲನ್ನು ನೆದ್ಯಾಲ್ಕಾಳ ಕಡೆ ತಳ್ಳಿದಳು.

"ಇಲ್ಲಿ ಸಹಿ ಹಾಕು. ಹದಿನೈದು ದಿನ. ಬೇರೆಯವರ ಕೈಗೆ ಕೊಡಬಾರದು, ಜೇನು ಮೆತ್ತಬಾರದು."

ನೆದ್ಯಾಲ್ಕಾ ಸಹಿ ಹಾಕಿ, ಪುಸ್ತಕವನ್ನು ಟ್ರಾಮಿನ ಕೈಗವಸಿನ ನಡುವೆ ಸುತ್ತಿ ಚೀಲಕ್ಕಿಟ್ಟುಕೊಂಡು, "ಬರ್ತೀನಿ ಅಕ್ಕ" ಅಂದು ಹೋದಳು. ಬಸ್ಸು ತಿರುವು ದಾಟುವ ತನಕ ಸ್ತಾಮೆನಾ ಕಿಟಕಿಯಲ್ಲೇ ನಿಂತಿದ್ದಳು. ಗಾಜಿನ ಪೆಟ್ಟಿಗೆ ಪೂರ್ತಿ ಖಾಲಿ. ಆ ಪುಸ್ತಕ ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಈ ಕೋಣೆ ದಾಟಿರಲಿಲ್ಲ. ನನಗೆ ತಡೆಯಲಾಗಲಿಲ್ಲ, ನಿನಗೇನು ತಲೆ ಕೆಟ್ಟಿದೆಯಾ, ಅವಳು ವಾಪಸು ತರದಿದ್ದರೆ ಏನು ಮಾಡುತ್ತೀ ಅಂತ ಕೇಳಿದೆ.

ಅವಳು ಬೀರುವಿನ ಮೇಲಿದ್ದ ಜೇನಿನ ಶೀಸೆ ಕೆಳಗಿಳಿಸಿ, ಮುಚ್ಚಳ ತಿರುಗಿಸಿ, ಅಭ್ಯಾಸದಂತೆ ಮೊದಲು ಮೂಸಿದಳು.

"ತರ್ತಾಳೆ," ಅಂದಳು. "ಅವರ ಮನೆಯವರು ಓಡಿಹೋಗೋರಲ್ಲ."